ಕರೆಂಟ್ ಹೋದಾಗಿನ ಓದು

ನಮ್ಮೆಜಮಾನರು ಹೋದ ದಿನ ಮನೆ ಮುಂದೆ ಬಂದು ನಿಂತವರಲ್ಲಿ ಹೆಚ್ಚಿನವರು ಮೆಲ್ಲಗೆ ಕೇಳಿದ್ದು ಒಂದೇ ಮಾತು. "ಕರೆಂಟ್ ಹೊಡೀತಾ?"

ಇಪ್ಪತ್ತಾರು ವರ್ಷ ಮನೆಗಳಿಗೆ ವೈರಿಂಗ್ ಮಾಡಿದ ಮನುಷ್ಯ ಐವತ್ತರಲ್ಲಿ ಇದ್ದಕ್ಕಿದ್ದಂತೆ ಹೋದರೆ ಜನ ಹಾಗೆ ಕೇಳುವುದರಲ್ಲಿ ತಪ್ಪೇನಿಲ್ಲ. ಅಲ್ಲ, ಎದೆನೋವು, ಬೆಳಿಗ್ಗೆ ಹಲ್ಲುಜ್ಜಿ ಜಗಲಿ ಮೇಲೆ ಕೂತವರು ಏಳಲಿಲ್ಲ ಎಂದು ನನ್ನ ತಮ್ಮ ಒಬ್ಬೊಬ್ಬರಿಗೂ ಹೇಳುತ್ತಿದ್ದ. ನಾನು ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಅಂಥ ಹೊತ್ತಿನಲ್ಲೂ ನನಗೆ ಆ ಪ್ರಶ್ನೆಯ ಮೇಲೆ ಸಿಟ್ಟು ಬಂತು. ನನ್ನ ಗಂಡನ ಕೆಲಸದಲ್ಲಿ ಯಾರೋ ತಪ್ಪು ಹುಡುಕಿದ ಹಾಗಾಯಿತು. ಅವರು ವೈರಿಂಗ್ ಕೆಲಸದ ಪರ್ಮಿಟ್ ತೆಗೆದುಕೊಂಡ ಬಗೆ ಗೊತ್ತಿದ್ದವರು ಹಾಗೆ ಕೇಳುತ್ತಿರಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮ ಬೀದಿಯ ಎರಡೂ ಕಡೆ ಮಗ್ಗದ ಮನೆಗಳು. ಬೆಳಿಗ್ಗೆ ಮೋಟಾರು ಹಾಕಿದರೆಂದರೆ ಒಂದೊಂದು ಮನೆಯಲ್ಲೂ ನಾಲ್ಕು, ಆರು ಮಗ್ಗ ಒಟ್ಟಿಗೆ ಬಡಿಯಲು ಶುರು. ಹೊರಗಿನವರು ಬಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ನಾವು ಒಬ್ಬರ ತುಟಿ ಒಬ್ಬರು ನೋಡಿಕೊಂಡೇ ಮಾತಾಡುತ್ತೇವೆ. ನನ್ನ ಕೆಲಸ ಕಂಡಿಕೆ ಸುತ್ತುವುದು. ಮಗ್ಗದ ಲಾಳಿಯೊಳಗೆ ಕೂರಿಸುವ ಸಣ್ಣ ಕಡ್ಡಿಗೆ ರೇಷ್ಮೆ ನೂಲು ಸುತ್ತಿಕೊಡಬೇಕು. ಅದಕ್ಕೂ ಒಂದು ಪುಟ್ಟ ಮೋಟಾರು ಇದೆ. ಕರೆಂಟ್ ಹೋದರೆ ನನ್ನ ಕೆಲಸವೂ ನಿಲ್ಲುತ್ತದೆ.

ನಮ್ಮೆಜಮಾನರೂ ಮೊದಲು ಮಗ್ಗದಲ್ಲೇ ಇದ್ದವರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ನೇಯಲು ಕೂತರು. ನಮ್ಮ ಮಾವನವರಿಗೆ ನಲವತ್ತು ದಾಟುವಷ್ಟರಲ್ಲಿ ಎರಡೂ ಕಿವಿ ಕೇಳುತ್ತಿರಲಿಲ್ಲ. ಮಗನಾದ ಇವರಿಗೂ ಇಪ್ಪತ್ತನಾಲ್ಕನೇ ವಯಸ್ಸಿಗೆ, ಮಲಗಿದ ಮೇಲೂ ಕಿವಿಯಲ್ಲಿ ಮಗ್ಗ ಬಡಿಯುವುದು ನಿಲ್ಲದಂತಾದಾಗ, ಕೆಲಸ ಬಿಟ್ಟು ಪೇಟೆಯ ಒಬ್ಬ ಸಾಬರ ಹತ್ತಿರ ವೈರಿಂಗ್ ಕಲಿಯಲು ಹೋದರು. ಸಾಬರು ಲೈಸೆನ್ಸ್ ಇದ್ದ ಗುತ್ತಿಗೆದಾರರು. ಮನೆ ಕಟ್ಟುವವರೆಲ್ಲ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ನಮ್ಮವರಿಗೆ ಆ ಕೆಲಸದಲ್ಲಿ ಏನು ಇಷ್ಟವಾಯಿತೆಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ.

"ಹೊಸ ಮನೆ ಒಳಗೆ ಸದ್ದೇ ಇರಲ್ಲ ಕಣೇ," ಅಂದಿದ್ದರು. "ಬಾಗ್ಲು ಕಿಟ್ಕಿ ಏನೂ ಕೂರ್ಸಿರಲ್ಲ. ಸಿಮೆಂಟಿನ್ ವಾಸ್ನೆ. ಒಬ್ನೇ ಪೈಪಿನೊಳಗೆ ವೈರ್ ಎಳೀತಾ ಇದ್ರೆ, ಆ ವೈರ್ ಜಾರೋದೂ ಕೇಳ್ಸುತ್ತೆ."

ಹದಿನೆಂಟು ವರ್ಷ ಹಾಗೇ ನಡೆಯಿತು. ತೂಬಗೆರೆ, ಆವತಿ, ದೇವನಹಳ್ಳಿ ಕಡೆಯೆಲ್ಲ ಮನೆಗಳಿಗೆ ವೈರಿಂಗ್ ಮಾಡಿದರು. ಕೆಲಸ ಇವರದು, ಕಾಗದದ ಮೇಲಿನ ಸಹಿ ಸಾಬರದು. ಇವರಿಗೆ ಸ್ವಂತ ವೈರ್‌ಮನ್ ಪರ್ಮಿಟ್ ಇರಲಿಲ್ಲ. ಬೇಕು ಅನ್ನಿಸಿಯೂ ಇರಲಿಲ್ಲ. ಸಾಬರಿಗೆ ಕೈ ನಡುಗುವ ಕಾಯಿಲೆ ಬಂದು ಲೈಸೆನ್ಸ್ ಕೈಬಿಟ್ಟಾಗ ಅದರ ಬೆಲೆ ಗೊತ್ತಾಯಿತು. ಇವರು ಹೋಗಿ ಸೇರಿದ ಹೊಸ ಗುತ್ತಿಗೆದಾರ, ಪರ್ಮಿಟ್ ಇಲ್ಲದವರು ಬೋರ್ಡ್ ಮುಟ್ಟುವ ಹಾಗಿಲ್ಲ ಅಂದ. ಹದಿನೆಂಟು ವರ್ಷದ ಮೇಲೆ ಇವರಿಗೆ ಪೈಪು ಕೂರಿಸಲು ಗೋಡೆ ಕೊರೆಯುವ ಕೆಲಸ ಸಿಕ್ಕಿತು. ಸಂಜೆ ತಲೆ, ರೆಪ್ಪೆ, ಮೀಸೆಯೆಲ್ಲ ಬೂದಿ ಬಣ್ಣ ಮಾಡಿಕೊಂಡು ಬರುತ್ತಿದ್ದರು.

ಎದುರುಮನೆಯ ಮಗ್ಗದ ಮಾಲೀಕರು ಅದನ್ನು ನೋಡಿ ಒಂದು ದಿನ ಬೀದಿಯಲ್ಲೇ ಕರೆದರು. "ಏನಪ್ಪಾ, ಎಷ್ಟು ದಿನ ಅಂತ ಗೋಡೆ ಕೆರ್ಕೊಂಡಿರ್ತೀಯ? ಒಂದು ಮಗ್ಗ ಖಾಲಿ ಬಿದ್ದದೆ. ಬಂದು ಕೂತ್ಕೋ. ನೇಯ್ಗೆ ಮರ್ತೋಗಿರಲ್ಲ ಬಿಡು."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಇವರು ಒಳಗೆ ಬಂದು ಕೈಕಾಲು ತೊಳೆದರು. ಆಮೇಲೆ, "ಪರ್ಮಿಟ್ಟಿನ್ ಪರೀಕ್ಷೆ ಕಟ್ತೀನಿ ಕಣೇ. ಆದ್ರೆ ಆಯ್ತು, ಇಲ್ಲಾಂದ್ರೆ ಮಗ್ಗಕ್ಕೆ ಹೋಗ್ಬಿಡ್ತೀನಿ," ಅಂದರು. ಹಾಗನ್ನುವಾಗ ಅವರ ಕೈ ಕಿವಿಯ ಮೇಲೆ ಹೋಗಿದ್ದನ್ನು ನಾನು ನೋಡಿದೆ.

ಸಾಬರು ಅನುಭವದ ಪತ್ರ ಬರೆದುಕೊಟ್ಟರು. ಬೆಂಗಳೂರಿನಿಂದ ಒಂದು ಗೈಡ್ ಪುಸ್ತಕವೂ ಬಂತು. ಕನ್ನಡದ್ದೇ. ಆದರೆ ಅದನ್ನು ಓದುವುದು ಇವರ ಕೈಲಾಗಲಿಲ್ಲ. ಅಕ್ಷರ ಬರುತ್ತಿತ್ತು, ಆದರೆ ಒಂದು ಸಾಲಿನ ಕೊನೆಗೆ ಬರುವಷ್ಟರಲ್ಲಿ ಅದರ ಮೊದಲು ಮರೆತುಹೋಗುತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದವಳು ನಾನು. ಹಾಗಾಗಿ ನಾನು ಓದುವುದು, ಅವರು ಕೇಳುವುದು ಎಂದಾಯಿತು.

ಆದರೆ ಓದುವುದು ಯಾವಾಗ? ಮಗ್ಗ ಬಡಿಯುತ್ತಿರುವಾಗ ಕೂಗಿ ಓದಿದರೂ ಕೇಳುವುದಿಲ್ಲ. ಸಂಜೆ ಗೋಡೆ ಕೊರೆದು ಬಂದ ಮನುಷ್ಯ ಎರಡು ಪುಟಕ್ಕೇ ತೂಕಡಿಸುತ್ತಿದ್ದರು. ಕೊನೆಗೆ ನಮಗೆ ಒದಗಿದ್ದು ಹಗಲಿನಲ್ಲಿ ಕರೆಂಟ್ ತೆಗೆಯುವ ಹೊತ್ತು. ಆಗ ಇಡೀ ಬೀದಿಯ ಮಗ್ಗ ಒಂದೇ ಏಟಿಗೆ ನಿಲ್ಲುತ್ತಿತ್ತು, ನನ್ನ ಕಂಡಿಕೆ ಮೋಟಾರೂ ನಿಲ್ಲುತ್ತಿತ್ತು. ಊರಲ್ಲೇ ಕೆಲಸ ಇದ್ದರೆ ಇವರು ಟಿವಿಎಸ್ ಹತ್ತಿ ಬಂದುಬಿಡುತ್ತಿದ್ದರು. ಗೋಡೆ ಕೊರೆಯುವ ಮೆಷಿನ್ನಿಗೂ ಕರೆಂಟೇ ಬೇಕಲ್ಲ. ಬೀದಿಯವರೆಲ್ಲ ಕರೆಂಟ್ ಇಲಾಖೆಗೆ ಶಾಪ ಹಾಕುತ್ತಾ ಜಗಲಿಗೆ ಬಂದರೆ, ನಾವಿಬ್ಬರು ಪುಸ್ತಕ ಹಿಡಿದು ಕೂರುತ್ತಿದ್ದೆವು. ವೈರಿಂಗ್ ಪರೀಕ್ಷೆಗೆ ಕರೆಂಟ್ ಹೋದಾಗ ಓದುವವನು ನಾನೊಬ್ಬನೇ ಇರಬೇಕು ಎಂದು ನಗುತ್ತಿದ್ದರು.

"ವಾಹಕದ ಮೇಲಿನ ವಿದ್ಯುನ್ನಿರೋಧಕ ಹೊದಿಕೆಯು ಹಾನಿಗೊಳಗಾಗದಂತೆ..." ಎಂದು ನಾನು ಓದಿದರೆ, ಅವರು ಕೈ ಎತ್ತುವರು.

"ನಿಲ್ಸು ನಿಲ್ಸು. ಹಂಗಂದ್ರೇನು?"

"ವೈರಿನ್ ಮೇಲಿನ ಪ್ಲಾಸ್ಟಿಕ್ ಹರೀಬಾರ್ದು ಅಂತ ಕಣ್ರೀ."

"ಅಷ್ಟು ಹೇಳಕ್ಕೆ ಇಷ್ಟುದ್ದ ಯಾಕೆ? ಬರ್ದೋನು ಮೀಟರ್ ಲೆಕ್ಕದಲ್ಲಿ ಕೂಲಿ ತಗೊಂಡಿದ್ನಾ?"

ಓದಿಸಲು ಕೂತವಳು ನಾನೇ ಕಲಿತೆ. ಅಲ್ಲಿಯವರೆಗೆ ನನಗೆ ಕರೆಂಟ್ ಎಂದರೆ ಬರುವುದು, ಹೋಗುವುದು ಅಷ್ಟೇ. ಫೇಸ್ ಯಾವುದು, ನ್ಯೂಟ್ರಲ್ ಯಾವುದು, ಸ್ವಿಚ್ಚನ್ನು ಯಾವ ವೈರಿಗೆ ಕೊಡಬೇಕು, ಮೆಟ್ಟಿಲ ಕೆಳಗೆ ಹಾಕಿದ ದೀಪವನ್ನು ಮೇಲೆ ಹೋಗಿ ಆರಿಸುವುದು ಹೇಗೆ ಎಂದು ಅವರು ನನ್ನ ಬಣ್ಣಬಣ್ಣದ ನೂಲುಗಳನ್ನು ನೆಲದ ಮೇಲೆ ಹಾಸಿ ತೋರಿಸುತ್ತಿದ್ದರು. ಪುಸ್ತಕದಲ್ಲಿ ಎರಡು ಪುಟ ಇದ್ದದ್ದು ಮೂರು ಎಳೆ ನೂಲಿನಲ್ಲಿ ಮುಗಿಯುತ್ತಿತ್ತು. ಆ ಮಧ್ಯಾಹ್ನಗಳಲ್ಲಿ ನಾವು ಮಾತಾಡಿದಷ್ಟು ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಮಾತಾಡಿರಲಿಲ್ಲ. ಕರೆಂಟ್ ಬಂದ ಕೂಡಲೇ ಮಗ್ಗಗಳು ಬಡಿಯುತ್ತಿದ್ದವು. ಹೇಳುತ್ತಿದ್ದ ಮಾತು ಅರ್ಧಕ್ಕೇ ನಿಂತು, ಮುಂದಿನ ಸಲ ಕರೆಂಟ್ ಹೋಗುವವರೆಗೆ ಕಾಯುತ್ತಿತ್ತು.

ಮೊದಲ ಸಲ ಪರೀಕ್ಷೆಗೆ ಬೆಂಗಳೂರಿಗೆ ಒಬ್ಬರೇ ಹೋದರು. ಬರೆಯುವುದು ಹೇಗೋ ಆಯಿತು. ಕೈಕೆಲಸದ ಪರೀಕ್ಷೆಯಲ್ಲಿ ಹಲಗೆ ಮೇಲೆ ಮೆಟ್ಟಿಲ ದೀಪದ ವೈರಿಂಗನ್ನೇ ಕೊಟ್ಟಿದ್ದರಂತೆ. ಎಲ್ಲರಿಗಿಂತ ಮೊದಲು ಮುಗಿಸಿದ್ದು ಇವರು. ಪರೀಕ್ಷಕರು ನೋಡಿ, ಚೆನ್ನಾಗಿದೆ, ಪಕ್ಕದ ಬೋರ್ಡಿನ ಕವರ್ ಬಿಚ್ಚಿ ತೋರಿಸಿ ಅಂದರು. ಇವರು ಕವರ್ ಬಿಚ್ಚಿದರು. ಬಲಗೈಯ ಎರಡು ಬೆರಳನ್ನು ತಿರುಗಿಸಿ, ಅದರ ಹಿಂಬದಿಯಿಂದ ಒಳಗಿನ ತಾಮ್ರವನ್ನು ಮೆಲ್ಲಗೆ ತಾಗಿಸಿದರು.

"ಏನ್ರೀ ಅದು?" ಅಂದರು ಪರೀಕ್ಷಕರು.

"ಸಪ್ಲೈ ಐತಾ ಅಂತ ನೋಡ್ದೆ ಸಾರ್."

"ಕೈಯಲ್ಲಾ?"

"ಕೈ ಹಿಂಬದೀಲಿ ಸಾರ್. ಅಂಗೈಯಲ್ಲಿ ಹಿಡಿದ್ರೆ ಕಚ್ಕೊಂಡ್ಬಿಡುತ್ತೆ. ಹಿಂಬದಿ ಆದ್ರೆ ಕೈ ತಾನಾಗೇ ಹಿಂದಕ್ಕೆ ಬರುತ್ತೆ."

"ಎಷ್ಟು ವರ್ಷದಿಂದ ಹೀಗೆ ನೋಡ್ತಿದ್ದೀರಿ?"

"ಹದಿನೆಂಟು ಸಾರ್."

"ಹದಿನೆಂಟು ವರ್ಷ ಬದುಕಿದ್ದೀರಲ್ಲ, ಅದು ನಿಮ್ಮ ಮನೆಯವರ ಪುಣ್ಯ. ಇದೊಂದು ಬಿಟ್ಟು ಬನ್ನಿ, ಮುಂದಿನ ಸಲ ನೋಡೋಣ."

ಆ ಬೋರ್ಡಿಗೆ ಸಪ್ಲೈ ಕೊಟ್ಟಿರಲಿಲ್ಲ. ಅದು ಇವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಕೈ ಏನು ಮಾಡುತ್ತದೆ ಎಂದು ನೋಡುವುದೇ ಪರೀಕ್ಷಕರಿಗೆ ಬೇಕಾಗಿತ್ತು.

ಬಸ್ಸಿಳಿದು ಮನೆಗೆ ಬಂದವರು ಇದನ್ನೆಲ್ಲ ಹೇಳಿ, ಕೈ ತಿರುಗಿಸಿ ಆ ಎರಡು ಬೆರಳನ್ನೇ ನೋಡುತ್ತಾ ಕೂತರು. ನಾನು ಆ ಬೆರಳನ್ನು ಹೊಸದಾಗಿ ನೋಡಿದೆ. ಬರೀ ವೈರಲ್ಲ, ಅವರು ಎಲ್ಲವನ್ನೂ ಹಾಗೇ ಮುಟ್ಟಿ ನೋಡುತ್ತಿದ್ದರು. ಹಾಲಿನ ಪಾತ್ರೆ ಬಿಸಿಯಾಗಿದೆಯಾ, ಒಗೆದ ಬಟ್ಟೆ ಒಣಗಿದೆಯಾ, ಗೋಡೆಗೆ ಬಳಿದ ಸುಣ್ಣ ಆರಿದೆಯಾ, ನನಗೆ ಜ್ವರ ಇದೆಯಾ, ಎಲ್ಲವೂ ಆ ಎರಡು ಬೆರಳ ಹಿಂಬದಿಯಿಂದ. ಅದು ನಮ್ಮವರ ರೀತಿ ಎಂದುಕೊಂಡಿದ್ದೆ. ಅದು ಕಸುಬು ಕಲಿಸಿದ ರೀತಿ ಎಂದು ಆಗ ತಿಳಿಯಿತು.

ಮಾರನೆಯ ಭಾನುವಾರ ಇಬ್ಬರೂ ಸಾಬರ ಮನೆಗೆ ಹೋದೆವು. ಅವರು ಮಂಚದ ಮೇಲೆ ಕೂತಿದ್ದರು. ಟೀ ಲೋಟ ಹಿಡಿಯಲು ಎರಡು ಕೈ ಬೇಕಾಗಿತ್ತು. ನಡೆದದ್ದನ್ನು ಕೇಳಿ ಬಹಳ ನೊಂದರು.

"ಅರೆ, ಅದು ನಾನೇ ಕಲ್ಸಿದ್ದಲ್ವಾ ಬೇಟಾ. ನಂಗೆ ನಮ್ಮ ಉಸ್ತಾದ್ ಕಲ್ಸಿದ್ದು. ಆವಾಗ ಟೆಸ್ಟರ್ ಎಲ್ಲಿತ್ತು ಎಲ್ರ ಹತ್ರ?"

"ನಿಮ್ದೇನೂ ತಪ್ಪಿಲ್ಲ ಬಿಡಿ ಸಾಬ್ರೇ. ನನ್ ಕೈಯೇ ತಾನಾಗಿ ಹೋಯ್ತು," ಅಂದರು ಇವರು.

"ಬುದ್ಧಿಗೆ ಹೇಳಿದ್ರೆ ಕೇಳುತ್ತೆ. ಕೈಗೆ ಹೆಂಗೆ ಹೇಳ್ತೀಯ?" ಸಾಬರು ನನ್ನ ಕಡೆ ತಿರುಗಿದರು. "ನೋಡಮ್ಮಾ, ನಾನು ಕಲ್ಸಿದ್ದನ್ನ ನೀನೇ ಬಿಡುಸ್ಬೇಕು. ದಿನಾ ಜೊತೇಲಿ ಇರೋಳು ನೀನು. ನನ್ ಮಾತು ಈಗ ಅವನ ಕೈ ಕೇಳಲ್ಲ."

ಮುಂದಿನ ಪರೀಕ್ಷೆಗೆ ಆರೇಳು ತಿಂಗಳಿತ್ತು. ಕೈಗೆ ಹೇಗೆ ಹೇಳುವುದೆಂದು ನಾನು ನನ್ನ ಕೆಲಸ ಮಾಡುತ್ತಲೇ ಯೋಚಿಸಿದೆ. ಕಂಡಿಕೆ ಸುತ್ತುವಾಗ ನೂಲು ಕಡಿದರೆ ಕೈ ತಾನಾಗಿ ಕತ್ತರಿಯ ಕಡೆ ಹೋಗುತ್ತದೆ. ಯಾಕೆಂದರೆ ಕತ್ತರಿ ಯಾವಾಗಲೂ ಕೈ ಇಳಿಯುವ ಜಾಗದಲ್ಲೇ ಇರುತ್ತದೆ. ಇವರ ಟೆಸ್ಟರ್ ಎಲ್ಲಿರುತ್ತಿತ್ತು? ಟೂಲ್ ಬ್ಯಾಗಿನ ತಳದಲ್ಲಿ, ಮೊಳೆಗಳ ಕೆಳಗೆ. ಅದನ್ನು ಹುಡುಕುವುದಕ್ಕಿಂತ ಬೆರಳು ಹತ್ತಿರ. ನಾನು ಅವರ ಪ್ಯಾಂಟುಗಳಿಗೆಲ್ಲ ಬಲತೊಡೆಯ ಮೇಲೆ, ಕೈ ಇಳಿಬಿಟ್ಟರೆ ಬೆರಳು ತಾಗುವ ಕಡೆ, ಒಂದು ಉದ್ದನೆಯ ಕಿರಿದಾದ ಜೇಬು ಹೊಲಿದೆ. ಅದರಲ್ಲಿ ಟೆಸ್ಟರ್. ಮನೆಯಲ್ಲಿ ಉಡುವ ಪಂಚೆಯ ಸೊಂಟಕ್ಕೂ ಅಂಥದೇ ಒಂದು ಜೇಬು ಹೊಲಿದಾಗ, "ಪಂಚೆಗೂ ಜೇಬಾ? ಜನ ನೋಡಿದ್ರೆ ಏನಂತಾರೆ?" ಎಂದು ಗೊಣಗಿದರು. ಆದರೆ ಉಟ್ಟರು.

ಆಮೇಲೆ ಒಂದು ಕಟ್ಟಳೆ ಮಾಡಿದೆ. ಮನೆಯೊಳಗೆ ಏನನ್ನೇ ಆಗಲಿ ಬೆರಳ ಹಿಂಬದಿಯಿಂದ ಮುಟ್ಟಿದರೆ ಒಂದು ಖಾಲಿ ಕಂಡಿಕೆ ಬುಟ್ಟಿಗೆ ಬೀಳಬೇಕು. ಮೊದಲ ವಾರ ಬುಟ್ಟಿ ತುಂಬಿ ಚೆಲ್ಲಿತು.

"ರೀ, ಹಾಲು!"

"ಹಾಲಿಗೂ ಟೆಸ್ಟರ್ ಹಾಕ್ಲೇನೇ?"

"ಹಾಕಿ. ದೀಪ ಉರಿದ್ರೆ ಇಳ್ಸೋಣ."

ನೆರೆಯವರಿಗೆ ನಾವು ತಮಾಷೆಯಾಗಿ ಕಂಡಿರಬೇಕು. ಗಂಡ ಒಣಗಿದ ಅಂಗಿ ಮುಟ್ಟಲು ಹೋಗಿ, ನನ್ನ ಮುಖ ನೋಡಿ, ಕೈ ಅರ್ಧಕ್ಕೇ ನಿಲ್ಲಿಸಿ, ತೊಡೆಯ ಮೇಲಿನ ಜೇಬು ಮುಟ್ಟಿಕೊಳ್ಳುವುದು. ಎದುರುಮನೆಯ ಮಾಲೀಕರು ಒಮ್ಮೆ, "ಏನಮ್ಮಾ, ನಿಮ್ಮನೆಯವ್ನು ಬಟ್ಟೆ ಒಣಗಾಕಿರೋದಕ್ಕೂ ಹೆದರ್ತಾನಲ್ಲ, ನಿನ್ ಸೀರೆ ಹೊಡಿಯುತ್ತಾ?" ಅಂದರು. ಎಲ್ಲರೂ ನಕ್ಕರು. ಇವರೂ ನಕ್ಕರು. ಆದರೆ ಅದೇ ಮಾತಿನ ಕೊನೆಗೆ ಮಾಲೀಕರು, "ಮಗ್ಗ ಇನ್ನೂ ನಿಂಗೋಸ್ಕರಾನೇ ಇಟ್ಟಿದೀನಿ. ಹಬ್ಬದ್ ವರ್ಗೂ ನೋಡ್ತೀನಿ, ಆಮೇಲೆ ಬೇರೆಯೋರ್ನ ಕೂರುಸ್ತೀನಿ," ಅಂದಾಗ ಇವರ ನಗು ನಿಂತಿತು. ಮಗ್ಗ ಸಿಗದೇ ಹೋದೀತು ಎಂಬ ಭಯ ಅದಲ್ಲ, ನನಗೆ ಗೊತ್ತಿತ್ತು. ಸಿಕ್ಕೀತು ಎಂಬ ಭಯ.

ನಾಲ್ಕನೇ ತಿಂಗಳಿಗೆ ಬುಟ್ಟಿಗೆ ಬೀಳುವುದು ದಿನಕ್ಕೆ ಒಂದೋ ಎರಡೋ ಆಯಿತು. ಐದನೇ ತಿಂಗಳಲ್ಲಿ ನನಗೆ ಜ್ವರ ಬಂತು. ಪಕ್ಕದಲ್ಲಿ ಕೂತವರು ಕೈ ಚಾಚಿದರು, ನಿಲ್ಲಿಸಿದರು, ಆಮೇಲೆ ಅಂಗೈಯನ್ನು ನನ್ನ ಹಣೆಯ ಮೇಲೆ ಪೂರ್ತಿ ಇಟ್ಟರು. ಗೋಡೆ ಕೊರೆದು ಒರಟಾದ ಅಂಗೈ. ಅಷ್ಟು ವರ್ಷದಲ್ಲಿ ಅವರು ಹಾಗೆ ಕೈ ಇಟ್ಟದ್ದು ಅದೇ ಮೊದಲು. ಪರೀಕ್ಷೆಗಾಗಿ ಮಾಡಿದ್ದರಿಂದ ನನಗೆ ಸಿಕ್ಕ ಲಾಭ ಅದು. ಅದನ್ನು ಯಾರಿಗೂ ಹೇಳಿರಲಿಲ್ಲ.

ಎರಡನೇ ಸಲ ನಾನೂ ಜೊತೆಗೆ ಹೋದೆ. ಯಲಹಂಕದಲ್ಲಿ ಬಸ್ ಬದಲಾಯಿಸಿ, ಬೆಳಿಗ್ಗೆ ಹೋಗಿ ತಲುಪಿದೆವು. ಹೊರಗಿನ ಕಟ್ಟೆಯ ಮೇಲೆ ಕೂತು ಮೂರು ಗಂಟೆ ಕಾದೆ. ಇವರ ವಯಸ್ಸಿನವರು ಇನ್ನೂ ಇಬ್ಬರಿದ್ದರು, ಉಳಿದವರೆಲ್ಲ ಚಿಕ್ಕವರು. ಹೊರಗೆ ಬಂದಾಗ ಇವರ ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

"ಬೋರ್ಡ್ ಬಿಚ್ಚು ಅಂದ್ರಾ?"

"ಅಂದ್ರು."

"ಕೈ?"

"ಜೇಬಿಗೆ ಹೋಯ್ತು." ಇವರು ಕಟ್ಟೆಯ ಮೇಲೆ ನನ್ನ ಪಕ್ಕ ಕೂತು, "ಆದ್ರೆ ಬಾಯಲ್ಲಿ ಕೇಳೋದ್ರಲ್ಲಿ ಎಡವಟ್ಟು ಮಾಡ್ಕೊಂಡ್ಬಿಟ್ಟೆ ಕಣೇ," ಅಂದರು.

ಮನೆಗೆ ಅರ್ತಿಂಗ್ ಮಾಡುವಾಗ ನೆಲದಲ್ಲಿ ಗುಂಡಿ ತೋಡಿ, ಪೈಪು ನಿಲ್ಲಿಸಿ, ಇದ್ದಿಲು ಮತ್ತು ಉಪ್ಪು ತುಂಬುತ್ತಾರೆ. ವೈರಿಂಗಿನಲ್ಲಿ ಏನಾದರೂ ಕೆಟ್ಟರೆ ಕರೆಂಟು ಮನುಷ್ಯರ ಮೈಗೆ ಬರದೆ ಅಲ್ಲಿ ಭೂಮಿಗೆ ಇಳಿಯಲಿ ಎಂದು. ಆ ಗುಂಡಿ ಒಣಗಬಾರದು. ಪರೀಕ್ಷಕರು, ಬೇಸಿಗೆಯಲ್ಲಿ ಅದಕ್ಕೆ ಏನು ಮಾಡಬೇಕು ಎಂದು ಕೇಳಿದರಂತೆ. ಇವರು ಥಟ್ಟನೆ, "ಶುಕ್ರವಾರ ಶುಕ್ರವಾರ ಒಂದು ಕೊಡ ನೀರು ಹಾಕ್ಬೇಕು ಸಾರ್," ಅಂದುಬಿಟ್ಟಿದ್ದರು.

"ಅಯ್ಯೋ, ಪುಸ್ತಕದಲ್ಲಿ ಎಲ್ಲಿದೆ ಶುಕ್ರವಾರ?" ಅಂದೆ ನಾನು.

"ಅವ್ರೂ ಅದನ್ನೇ ಕೇಳಿದ್ರು."

ಅದು ಇವರದೇ ಉಪಾಯ. ನೀರು ಹಾಕಿ ಎಂದು ಬರೀ ಹೇಳಿದರೆ ಮನೆಯವರು ಮರೆತುಬಿಡುತ್ತಾರೆ. ಅದಕ್ಕೆ ಇವರು ಮನೆಯ ಹೆಂಗಸರಿಗೆ, ಶುಕ್ರವಾರ ಹೊಸ್ತಿಲು ತೊಳೆಯುತ್ತೀರಲ್ಲ, ಹಾಗೇ ಒಂದು ಕೊಡ ಇಲ್ಲಿಗೂ ಸುರಿಯಿರಿ ಎಂದು ಹೇಳಿ ಬರುತ್ತಿದ್ದರು. ಆವತಿಯ ಒಂದು ಮನೆಗೆ ವರ್ಷದ ಮೇಲೆ ಹೋದರೆ, ಅಜ್ಜಿ ಆ ಪೈಪಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಸುತ್ತ ಇಟ್ಟಿಗೆ ಕಟ್ಟೆ ಕಟ್ಟಿಸಿದ್ದರಂತೆ. "ಮೇಸ್ತ್ರಿ ಹೇಳವ್ನೆ, ಈ ತಾಯಿ ಬಾಯಾರ್ಬಾರ್ದು ಅಂತ," ಎಂದು ಸೊಸೆಯರಿಗೆ ಹೇಳಿಕೊಟ್ಟಿದ್ದರಂತೆ. ಇವರು ತಿದ್ದಲು ಹೋಗಲಿಲ್ಲ. ಗುಂಡಿ ತೇವವಾಗಿತ್ತು, ಅಷ್ಟು ಸಾಕು ಅಂದಿದ್ದರು.

ಪರೀಕ್ಷಕರ ಮುಂದೆ ಬೇರೆ ದಾರಿ ಕಾಣದೆ ಈ ಅಜ್ಜಿಯ ಕಥೆಯನ್ನೂ ಹೇಳಿಬಿಟ್ಟಿದ್ದರು.

"ಏನಂದ್ರು?"

"ಏನೂ ಅನ್ಲಿಲ್ಲ. ಬರ್ಕೊಂಡ್ರು. ಹೋಗಿ ಅಂದ್ರು."

ಬಸ್ಸಿನಲ್ಲಿ ಬರುವಾಗ ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಇವರು ನೋಡಿದರೋ ಏನೋ, "ಮಗ್ಗದಲ್ಲೂ ಜನ ಬದುಕ್ತಾರೆ ಬಿಡೇ," ಅಂದರು.

ಪರ್ಮಿಟ್ ಬಂದದ್ದು ಹಬ್ಬಕ್ಕೆ ಹನ್ನೆರಡು ದಿನ ಇರುವಾಗ. ಪೋಸ್ಟ್‌ಮನ್ ಕೊಟ್ಟ ಕವರನ್ನು ಅವರು ಬರುವವರೆಗೆ ನಾನು ಒಡೆಯಲಿಲ್ಲ. ಒಳಗೆ ಒಂದು ಸಣ್ಣ ಪುಸ್ತಕ, ಅದರಲ್ಲಿ ಇವರ ಫೋಟೋ. ಗೋಡೆ ಕೊರೆದ ಧೂಳಿನಲ್ಲೇ ನಿಂತು, ಹಾಳೆಗೆ ಕೊಳೆ ಹತ್ತದಂತೆ ನನ್ನ ಕೈಯಲ್ಲೇ ತಿರುವಿಸಿ, ಎಲ್ಲ ಪುಟ ನೋಡಿದರು. ಆ ಶುಕ್ರವಾರದ ಉತ್ತರಕ್ಕೆ ಎಷ್ಟು ಅಂಕ ಬಿತ್ತೆಂದು ನಮಗೆ ಕೊನೆಗೂ ಗೊತ್ತಾಗಲಿಲ್ಲ. ಸಂಜೆ ಸಾಬರಿಗೆ ತೋರಿಸಿ ಬಂದರು. ಸಾಬರು ಅದನ್ನು ಕಣ್ಣಿಗೆ ಒತ್ತಿಕೊಂಡರಂತೆ.

ಮಾರನೆಯ ಬೆಳಿಗ್ಗೆ ಇವರು ಎದುರುಮನೆಗೆ ಹೋದರು. ಮಗ್ಗಕ್ಕೆ ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ ಬರಬೇಕಲ್ಲ. ನಾನು ಕಂಡಿಕೆ ಸುತ್ತುತ್ತಾ ಬಾಗಿಲಿನಿಂದ ನೋಡುತ್ತಿದ್ದೆ. ಮಗ್ಗದ ಸದ್ದಿನಲ್ಲಿ ಇಬ್ಬರೂ ಕೈ ಆಡಿಸುತ್ತಾ ಕೂಗಿಕೊಳ್ಳುತ್ತಿದ್ದರು. ಮಾತು ಮುಗಿದ ಮೇಲೂ ಮಾಲೀಕರು ಇವರನ್ನು ಬಿಡಲಿಲ್ಲ. ಒಳಗಿನ ಒಂದು ಮಗ್ಗದ ಕಡೆ ಕೈ ತೋರಿಸಿದರು. ಅದರ ಕಬ್ಬಿಣ ಮುಟ್ಟಿದರೆ ಜುಮ್ಮೆನ್ನುತ್ತಿದೆ, ನೇಯುವವನು ಹಲಗೆ ಮೇಲೆ ನಿಂತು ಕೆಲಸ ಮಾಡುತ್ತಿದ್ದಾನೆ ಎಂದು ಬೀದಿಗೆಲ್ಲ ಗೊತ್ತಿತ್ತು. ಇವರು ಬಾಗಿಲಲ್ಲೇ ನಿಂತು ಏನೋ ಹೇಳಿದರು. ಮಾಲೀಕರು ಆಗುವುದಿಲ್ಲ ಎಂಬಂತೆ ತಲೆಯಾಡಿಸಿದರು. ಇವರು ಹೆಜ್ಜೆ ಮುಂದಿಡಲಿಲ್ಲ.

ಆಮೇಲೆ ಮಾಲೀಕರು ಹೋಗಿ ಮೈನ್ ಸ್ವಿಚ್ ಇಳಿಸಿದರು. ಅವರ ಮನೆಯ ಮಗ್ಗಗಳೆಲ್ಲ ನಿಂತವು. ಆಗ ಕೂಗಿ ಆಡುತ್ತಿದ್ದ ಅವರ ಮಾತು ನನಗೂ ಕೇಳಿಸಿತು.

"ಮದುವೆ ಸೀರೆ ಆರ್ಡರ್ ಇದೆ ಕಣಪ್ಪಾ. ಒಂದು ಮಗ್ಗಕ್ಕೋಸ್ಕರ ಎಲ್ಲಾನೂ ನಿಲ್ಲುಸ್ಬೇಕಾ? ಮುಂಚೆ ಎಲ್ಲ ನೀನು ಕರೆಂಟ್ ಇದ್ದಂಗೇ ನೋಡ್ತಿದ್ದೆಯಲ್ಲ."

"ಮುಂಚೆ ನೋಡ್ತಿದ್ದೆ ಅಣ್ಣಾ. ಈಗ ನೋಡಲ್ಲ."

"ಓಹೋ. ಪುಸ್ತಕ ಬಂದಿದ್ದೇ ರೂಲ್ಸು."

"ಪುಸ್ತಕ ಬಂದಿದ್ದಕ್ಕೇ ಅಣ್ಣಾ."

ನೇಯುವವರು ನಾಲ್ವರೂ ಜಗಲಿಗೆ ಬಂದು ಕೂತರು. ಒಬ್ಬ ಬೀಡಿ ಹಚ್ಚಿದ. ಇವರು ಟೆಸ್ಟರ್ ತೆಗೆದು ನೋಡಿ, ಮಗ್ಗದ ಅಡಿಗೆ ಮಲಗಿ ಮೋಟಾರಿನ ವೈರನ್ನು ಒಂದೊಂದಾಗಿ ಬಿಚ್ಚತೊಡಗಿದರು. ಮಾಲೀಕರು ಎರಡು ಸಲ ಗಡಿಯಾರ ನೋಡಿದರು, ಮೂರನೇ ಸಲ ನೋಡಿ ತಾವೂ ಜಗಲಿ ಮೇಲೆ ಕೂತರು. ಕೆಲಸ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಯಾರೂ ಇವರನ್ನು ಅವಸರಪಡಿಸಲಿಲ್ಲ.